ಅಣ್ಣನ ಗಲ್ಲದೊಳಗೆ ಇಣುಕಿದ ಕಡ್ಡಿ

ನಿಜ ಹೇಳಿ, ನಿಮ್ಮ ಮನೆಯಲ್ಲೂ ಹೀಗಾಗಿದೆಯೇ? ದವಾಖಾನೆಯವರು ಯಾವುದೋ ಯಂತ್ರ ಹಿಡಿದು ಬರೀ ನೋಡಿ ಕಳಿಸಿರುತ್ತಾರೆ, ಮನೆಗೆ ಬಂದವರು ವಾಸಿಯಾಯಿತು ಎಂದು ಸಕ್ಕರೆ ಹಂಚುತ್ತಾರೆ? ನಮ್ಮ ಕೊಪ್ಪಳದ ಕಡೆ ಇದೇ ಒಂದು ಅಂಟುರೋಗ. ಆರೋಗ್ಯ ಶಿಬಿರದಲ್ಲಿ ತೋಳಿಗೆ ಬಿಪಿ ಪಟ್ಟಿ ಕಟ್ಟಿ ಬಿಚ್ಚಿದರೆ ಸಾಕು, "ಈಗ ಹಗುರಾತ್ರಿ" ಎಂದು ಸೆರಗು ಕೊಡವಿ ಎದ್ದು ಬರುತ್ತಾರೆ. ಎಕ್ಸ್‌ರೇ ತೆಗೆಸಿದ ಮೇಲೆ ಸೊಂಟನೋವು ಬಿಟ್ಟಿತು ಎನ್ನುವ ಮಹಾನುಭಾವರೂ ಇದ್ದಾರೆ. ನಮ್ಮ ಅಣ್ಣ ಇವರೆಲ್ಲರಿಗೂ ಗುರು.

ಅಣ್ಣ ಕಿನ್ನಾಳದಲ್ಲಿ ಗೊಂಬೆಗಳಿಗೆ ಬಣ್ಣ ಬರೆಯುತ್ತಾನೆ. ಐವತ್ತು ದಾಟಿದೆ. ಅವನು ಬರೆದ ಗರುಡನ ರೆಕ್ಕೆ ನೋಡಬೇಕು ನೀವು. ಗರಿಯ ಪಕ್ಕ ಗರಿ, ಸಾಲಿನ ಕೆಳಗೆ ಸಾಲು, ಒಂದು ಕೂದಲಿನಷ್ಟೂ ಹೆಚ್ಚುಕಡಿಮೆ ಇಲ್ಲ. ಎರಡೂ ಕೈಗೆ ಬಣ್ಣ ಮೆತ್ತಿರುತ್ತದಲ್ಲ, ಹಾಗಾಗಿ ಬೆಳಗ್ಗೆ ಎಡಗಲ್ಲದಲ್ಲಿ ತಂಬಾಕು ಇಟ್ಟನೆಂದರೆ ಊಟದ ತನಕ ತೆಗೆಯುವ ಮಾತೇ ಇಲ್ಲ. ಅದೇ ಜಾಗದಲ್ಲಿ ಬಿಳಿ ಕಲೆ ಎದ್ದಿತು. ಮಿರ್ಚಿ ಬಜಿ ಕಚ್ಚಿದರೆ ಕಣ್ಣಲ್ಲಿ ನೀರು. ಕೊಪ್ಪಳದ ಡಾಕ್ಟರು ನೋಡಿ, ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು, ಕ್ಯಾನ್ಸರೋ ಅಲ್ಲವೋ ಆಗಲೇ ಗೊತ್ತಾಗುವುದು ಎಂದರು.

ಅಷ್ಟೇ ತಡ, ಗಂಗಾವತಿಯಿಂದ ನಮ್ಮ ಸೋದರಮಾವ ಹಾಜರು. ಭತ್ತದ ದಲಾಲಿ ಅವರು. ಭತ್ತ ಬಿಟ್ಟು ಉಳಿದೆಲ್ಲ ವಿಷಯದಲ್ಲೂ ಪಂಡಿತರು.

"ಚೂರು ತಗಸಬ್ಯಾಡ್ರಿ. ಒಮ್ಮಿ ಕಬ್ಬಿಣ ಮುಟ್ಟಿತಂದ್ರ ಮೈತುಂಬ ಹಬ್ಬತೈತಿ," ಎಂದರು.

"ಮಾಮಾ, ನೀವು ಭತ್ತದ ಚೀಲಕ್ಕ ಕೊಳವಿ ಚುಚ್ಚಿ ಒಂದ್ ಹಿಡಿ ತಗದು ನೋಡ್ತೀರಲ್ಲ, ಚೀಲದ ತುಂಬ ಹುಳ ಹತ್ತತಾವೇನು?" ಎಂದೆ.

"ಭತ್ತ ಬ್ಯಾರೆ, ಬಾಯಿ ಬ್ಯಾರೆ. ಏ ಹುಡುಗಿ, ನಿಂದು ಬಾಯಿ ಭಾಳಾತು." ಹುಡುಗಿಗೆ ನಲವತ್ತೇಳು.

ಅಣ್ಣ ಮಾಮಾನ ಮಾತಿಗೆ ಜೋತುಬಿದ್ದ. ನಾನು ಫೋನಿನಲ್ಲಿ ಹುಡುಕಿ ಹುಡುಕಿ, ಕೊಯ್ಯದೆಯೇ ಒಳಗಿನದನ್ನು ತೋರಿಸುವ ಸಲಕರಣೆಯೊಂದನ್ನು ಹುಬ್ಬಳ್ಳಿ ಕಡೆಯ ಆಸ್ಪತ್ರೆಯಲ್ಲಿ ಬಳಸಿ ನೋಡುತ್ತಿದ್ದಾರೆ ಎಂದು ತಿಳಿದು, ಅಣ್ಣನನ್ನು ಎಳೆದುಕೊಂಡು ಹೋದೆ. ಅಲ್ಲಿದ್ದದ್ದು ನನ್ನ ಮಗಳ ವಯಸ್ಸಿನ ಡಾಕ್ಟರಮ್ಮ. ಕೈಯಲ್ಲಿ ಪೆನ್ನಿನಂಥ ಕಡ್ಡಿ, ಅದರ ಹಿಂದೆ ಉದ್ದನೆಯ ತಂತಿ.

"ಕಾಕಾ, ಇದು ನೋಡಾಕಷ್ಟ," ಎಂದು ಆಕೆ ಮೊದಲೇ ಹೇಳಿದಳು. "ಲ್ಯಾಬಿನ್ಯಾಗ ಟೇಬಲ್ ಮ್ಯಾಲ ಸೂಕ್ಷ್ಮದರ್ಶಕ ಇರತೈತಲ್ಲ, ಅದನ್ನ ಇಷ್ಟು ಸಣ್ಣದು ಮಾಡ್ಯಾರ. ತುದಿಯಿಂದ ಲೇಸರ್ ಬೆಳಕು ಬೀಳತೈತಿ, ಸುಡೂದಿಲ್ಲ. ಗಲ್ಲದಾಗಿನ ಜೀವಕೋಶ ಜೀವಂತ ಇದ್ದಂಗ ಪರದೆ ಮ್ಯಾಲ ಕಾಣತಾವ. ಕಾಣಾಕಂತ ಕೈಗೆ ಒಂದು ಹಳದಿ ಔಷಧ ಚುಚ್ಚತೀನಿ. ನಾಳಿತನ ಮೂತ್ರ ಹಳದಿ ಹೋಗತೈತಿ, ಅಂಜಬ್ಯಾಡ್ರಿ."

ಇದಕ್ಕಿಂತ ಬಿಡಿಸಿ ಯಾರು ಹೇಳುತ್ತಾರೆ? ಅಣ್ಣ ಗೋಣು ಹಾಕಿದ. ನಾನೂ ಹಾಕಿದೆ.

ಮೊದಲು ಚೆನ್ನಾಗಿದ್ದ ಬಲಗಲ್ಲಕ್ಕೆ ಕಡ್ಡಿಯ ತುದಿ ತಾಗಿಸಿದಳು. ಪರದೆಯ ಮೇಲೆ ಬೂದುಬಣ್ಣದ ಸಣ್ಣ ಸಣ್ಣ ಮನೆಗಳು, ಸಾಲಾಗಿ, ಒಂದೇ ಅಳತೆಯವು. ಕಡ್ಡಿ ಹೊರಗೆ ತೆಗೆದದ್ದೇ ಅಣ್ಣ, "ಅಯ್ಯ, ಗರುಡನ ರೆಕ್ಕಿ!" ಎಂದ. ಆಮೇಲೆ ಎಡಗಲ್ಲ. ಅಲ್ಲಿ ಸಾಲೂ ಇಲ್ಲ, ಅಳತೆಯೂ ಇಲ್ಲ.

"ಇದನ್ನ್ಯಾರು ಬರದಾರ? ಕುಡದು ಬರದಂಗೈತಿ. ಒಂದ್ ಗರಿ ಡೊಳ್ಳು, ಒಂದ್ ಗರಿ ಕಡ್ಡಿ," ಎಂದ.

ಡಾಕ್ಟರಮ್ಮ ಕಡ್ಡಿ ಕೆಳಗಿಟ್ಟಳು. "ನಾ ಹೇಳೂದನ್ನ ನೀವ ಹೇಳಿದ್ರಿ ಕಾಕಾ. ಎಲ್ಲಿಂದ ಚೂರು ತಗೀಬೇಕಂತ ಈಗ ಗೊತ್ತಾತು. ಇವತ್ತ ತಗದುಬಿಡೂಣು."

"ಮನ್ಯಾಗ ಕೇಳಿ ಬರ್ತೀನ್ರಿ."

"ಎಂಟು ದಿನದಾಗ ಬರ್ರಿ. ತಡ ಆದಷ್ಟು ಹೆಚ್ಚು ಕೊಯ್ಯಬೇಕಾಗತೈತಿ."

ಆ ಮಾತು ಕೇಳಿಯೂ ನಾನು ಬಸ್ಸಿನಲ್ಲಿ ಕೂತು ಏನು ಮಾಡಿದೆ ಗೊತ್ತೇ? ಅಲ್ಲಿ ಫೋನಿನಲ್ಲಿ ತೆಗೆದುಕೊಂಡಿದ್ದ ಎಡಗಲ್ಲದ ಪರದೆಯ ಫೋಟೊವನ್ನು ಇಲ್ಲೇ, ನಿಮ್ಮೆಲ್ಲರ ಮುಂದೆ ಹಾಕಿ, "ಕತ್ತರಿ ಇಲ್ಲ, ರಕ್ತ ಇಲ್ಲ, ಲೇಸರ್ ಬಂತು, ಅಣ್ಣ ಗೆದ್ದ!" ಎಂದು ಬರೆದೆ. ಅಣ್ಣ ಏನನ್ನೂ ಗೆದ್ದಿರಲಿಲ್ಲ. ವಾಕ್ಯ ಓದಲು ಚೆನ್ನಾಗಿತ್ತು, ಅಷ್ಟೇ. ಗದಗ ದಾಟುವಷ್ಟರಲ್ಲಿ ಕೈಮುಗಿದ ಚಿತ್ರ, ಹೂವಿನ ಚಿತ್ರಗಳ ಮೆರವಣಿಗೆ. ಒಬ್ಬರಾದರೂ "ರಿಪೋರ್ಟ್ ಏನು ಬಂತು?" ಎಂದು ಕೇಳಿದರೇ? ಇಲ್ಲ. ನೀವೆಲ್ಲ ಅಂಥವರೇ, ನಾನು ನಿಮಗೆ ತಕ್ಕವಳೇ.

ಮರುದಿನ ಬೆಳಗ್ಗೆ ಅಣ್ಣನ ಫೋನು. "ತಂಗಿ, ಮೂತ್ರ ಅರಿಷಿಣ ಕಲಸಿದಂಗ ಹೋತು. ವಿಷ ಇಳ್ಯಾಕತ್ತೈತಿ ನೋಡು!" ಔಷಧದ ಬಣ್ಣ ಅದು, ಆಕೆ ಹೇಳಿರಲಿಲ್ಲವೇ ಎಂದರೆ, "ಡಾಕ್ಟರ್ ಹೇಳಿದ್ದೂ ಇದನ್ನ, ಹಳದಿ ಹೋಗತೈತಿ ಅಂತ" ಎಂದ. ಮಾಮಾ ಒಂದು ಗೊನೆ ಬಾಳೆಹಣ್ಣು ಹೊತ್ತುಕೊಂಡು ಬಂದರು. ಬೆಳಕು ನೇರ ಬೇರಿಗೇ ಹೊಡೆದಿದೆ ಎಂಬುದು ಅವರ ತೀರ್ಪು. ಆ ಸಂತೋಷಕ್ಕೆ ಅಣ್ಣ ತಂಬಾಕನ್ನು ಬಲಗಲ್ಲಕ್ಕೆ ಇಟ್ಟುಕೊಂಡ. ಎಡಗಲ್ಲಕ್ಕೆ ವಿಶ್ರಾಂತಿಯಂತೆ!

ಎಂಟು ದಿನ ಹೋಗಿ ಹನ್ನೆರಡಾಯಿತು. ನಾನು ಕಿನ್ನಾಳಕ್ಕೆ ಹೋಗಿ ಕೂಗಾಡಿದೆ. ಮಾಮಾ ಅಲ್ಲೇ ಕಟ್ಟೆಯ ಮೇಲೆ, ಎರಡನೆಯ ಗೊನೆಯೊಂದಿಗೆ. ಅಣ್ಣ ಫೋನು ತೆಗೆದು ನನ್ನ ಮುಖಕ್ಕೇ ಹಿಡಿದ.

"ನೀನ ಬರದೀಯಲ್ಲ, ಅಣ್ಣ ಗೆದ್ದ ಅಂತ. ಮಂದಿ ಮುಂದ ಒಂದು, ನನ್ನ ಮುಂದ ಒಂದೇನು?"

ನಾನು ಅವನ ಕೈಯಿಂದ ಫೋನು ಕಿತ್ತುಕೊಂಡೆ.

ಒಳಗಿನಿಂದ ವೈನಿ ಬಂದರು, ಅಂದರೆ ಅಣ್ಣನ ಹೆಂಡತಿ. ಈ ಗದ್ದಲದಲ್ಲಿ ಅದುವರೆಗೆ ಯಾರೂ ಅವರನ್ನು ಕೇಳಿರಲಿಲ್ಲ. ಅವರ ಕೈಯಲ್ಲಿ ಬೇರೆ ಯಾರೋ ಬರೆದು, ಗಿರಾಕಿ ಸರಿಮಾಡಿಸಲು ತಂದಿಟ್ಟಿದ್ದ ಗರುಡ. ರೆಕ್ಕೆಯ ಗರಿಗಳೆಲ್ಲ ಅಡ್ಡಾದಿಡ್ಡಿ.

"ಗಿರಾಕಿ ಬರ್ತಾರ. ಮ್ಯಾಲೊಂದು ಬಣ್ಣ ಹಚ್ಚಿ ಕೊಟ್ಟುಬಿಡ್ರಿ," ಎಂದರು.

ಅಣ್ಣ ಸಿಡಿದೆದ್ದ. "ಕೆಟ್ಟ ಗರಿ ಮ್ಯಾಲ ಬಣ್ಣ ಬಳ್ಯಾಕ ನಾನೇನು ಸಂತ್ಯಾಗ ಪ್ಲಾಸ್ಟಿಕ್ ಗೊಂಬಿ ಮಾರಾವನ? ಕೆರೀಬೇಕು. ಕಟಗಿ ಕಾಣೂತನ ಕೆರದು, ಬಿಳಿ ಹಚ್ಚಿ, ಹೊಸದಾಗಿ ಬರೀಬೇಕು."

ವೈನಿ ನನ್ನ ಕೈಯಿಂದ ಫೋನು ತೆಗೆದುಕೊಂಡು, ಎಡಗಲ್ಲದ ಆ ಫೋಟೊವನ್ನು ದೊಡ್ಡದು ಮಾಡಿ ಗರುಡನ ಪಕ್ಕ ಇಟ್ಟರು. ಅಣ್ಣ ಬಗ್ಗಿ ನೋಡಿದ. ಬೆರಳಿನಿಂದ ಗರಿಗಳನ್ನು ಒಂದೊಂದಾಗಿ ಸವರುತ್ತಾ ಹೋಗಿ ಒಂದು ಕಡೆ ನಿಲ್ಲಿಸಿದ.

"ಅದು ಗೊಂಬಿ, ಇದು ಮೈ—" ಎಂದು ಮಾಮಾ ಶುರುಮಾಡಿದರು.

"ಮಾಮಾ, ನೀವು ಸುಮ್ಮಕ ಬಾಳಿಹಣ್ಣು ತಿನ್ರಿ," ಎಂದ ಅಣ್ಣ. ಎದ್ದು ಹೋಗಿ ಚರಂಡಿಗೆ ಉಗುಳಿ, ಬಾಯಿ ಮುಕ್ಕಳಿಸಿ, ಚಪ್ಪಲಿ ಹಾಕಿಕೊಂಡ.

ಚೂರು ತೆಗೆದರು. ಕ್ಯಾನ್ಸರೇ. ಆದರೆ ಇನ್ನೂ ಆಳಕ್ಕೆ ಇಳಿದಿರಲಿಲ್ಲ, ಕೊಯ್ದು ತೆಗೆದರು. ಈಗ ಅಣ್ಣ ನಕ್ಕರೆ ಎಡಗಡೆ ಸ್ವಲ್ಪ ಎಳೆದಂತಾಗುತ್ತದೆ. ಮಿರ್ಚಿ ಬಜಿ ಬಂದ್. ತಂಬಾಕು ಬಿಟ್ಟಿದ್ದೇನೆ ಎನ್ನುತ್ತಾನೆ. ವೈನಿ ದಿನಾ ಅಂಗಿಯ ಜೇಬು ನೋಡುತ್ತಾರೆ. ಮಾಮಾ ಗಂಗಾವತಿಯಲ್ಲಿ, "ನಾನ ಹಟ ಹಿಡದು ಕಳಿಸಿದೆ" ಎಂದು ಹೇಳಿಕೊಂಡು ತಿರುಗುತ್ತಿದ್ದಾರೆ. ತಿರುಗಲಿ.

ನಾನು ಆ ಹಳೆಯ ಬರಹ ಅಳಿಸಿದೆ. ಅಷ್ಟರಲ್ಲಿ ಅದು ಎಲ್ಲೆಲ್ಲಿ ಹೋಗಿತ್ತೋ. ಹೋದ ವಾರ ಯಲಬುರ್ಗಾದಿಂದ ಒಬ್ಬ ಹೆಣ್ಣುಮಗಳು ನನ್ನ ನಂಬರು ಹುಡುಕಿ ಫೋನು ಮಾಡಿದಳು. "ಅಕ್ಕಾರ, ಕೊಯ್ಯಲಾರದ ಆರಾಮ ಮಾಡೋ ಲೇಸರ್ ಎಲ್ಲೈತ್ರಿ? ನಮ್ಮಪ್ಪನ ಬಾಯಾಗೂ ಹಂಗ ಆಗೈತಿ." ಅದು ನೋಡುವ ಯಂತ್ರವಮ್ಮ, ವಾಸಿ ಮಾಡುವುದಲ್ಲ, ಚೂರು ತೆಗೆಸಲೇಬೇಕು ಎಂದೆ. "ಹಂಗಾದ್ರ ಬ್ಯಾಡ ಬಿಡ್ರಿ," ಎಂದು ಇಟ್ಟುಬಿಟ್ಟಳು. ತಿರುಗಿ ಮಾಡಿದರೆ ಎತ್ತುತ್ತಿಲ್ಲ. ಆಕೆಯ ತಲೆಯಲ್ಲಿ ಆ ಆಸೆ ನೆಟ್ಟದ್ದು ಮಾಮಾ ಅಲ್ಲ, ನಾನು.

ಅದಕ್ಕೇ ಇಷ್ಟುದ್ದ ಬರೆದದ್ದು. ಬರೀ ನೋಡಿದ್ದನ್ನೇ ವಾಸಿಯಾಯಿತು ಎಂದುಕೊಂಡು ನಿಮ್ಮ ಮನೆಯಲ್ಲಿ ಎಷ್ಟು ದಿನ ಕಳೆದಿರಿ, ಆಮೇಲೆ ಏನಾಯಿತು, ಯಾರು ಬುದ್ಧಿ ಹೇಳಿದರು, ನಾಚಿಕೆ ಬಿಟ್ಟು ಕೆಳಗೆ ಬರೆಯಿರಿ. ಕೈಮುಗಿದ ಚಿತ್ರ ಹಾಕುವವರು ದಯವಿಟ್ಟು ಹಾಗೇ ಮುಂದೆ ಹೋಗಿ. ಯಲಬುರ್ಗಾದ ತಂಗಿ, ನೀನು ಇದನ್ನು ಓದುತ್ತಿದ್ದರೆ, ಎಲ್ಲರಿಗಿಂತ ಮೊದಲು ನೀನು ಬರೆ: ಅಪ್ಪನನ್ನು ಕರೆದುಕೊಂಡು ಹೋದೆಯಾ?