ಕಂಪ್ಯೂಟರಿನ ಮೇಲಿನ ಕಸೂತಿ ಬಟ್ಟೆ

ಸೋಮವಾರ, ಬೆಳಿಗ್ಗೆ ಹತ್ತು ಗಂಟೆ. ಕೊಟ್ಟೂರಿನ ಮನೆಯಲ್ಲಿ ನಾನು ಮತ್ತು ಕಂಪ್ಯೂಟರ್ ರಿಪೇರಿ ಮಾಡುವ ಹೆಣ್ಣುಮಗಳು, ಇಬ್ಬರೇ. ನನ್ನ ಹೆಂಡತಿ ತನ್ನ ತಾಯಿ ಹೇಳುತ್ತಿದ್ದ ಸೋಬಾನೆ ಹಾಡನ್ನು ಟೈಪ್ ಮಾಡಿ, ಸೇವ್ ಮಾಡದೆ, ಕಂಪ್ಯೂಟರನ್ನು ಸ್ಲೀಪ್‌ಗೆ ಹಾಕಿ ಆಸ್ಪತ್ರೆಗೆ ಹೋದವಳು ಮರಳಲಿಲ್ಲ. ಅಂದಿನಿಂದ ನಾನು ಅದನ್ನು ಆರಿಸಿರಲಿಲ್ಲ. ಅವಳು ಮಾಡುತ್ತಿದ್ದಂತೆ ದಿನಾ ಸಂಜೆ ಆರಕ್ಕೆ ಅವಳ ಕಸೂತಿ ಬಟ್ಟೆಯನ್ನು ಕೊಡವಿ ಮತ್ತೆ ಅದಕ್ಕೆ ಹೊದಿಸುತ್ತಿದ್ದೆ. ನಿನ್ನೆ ಮುಟ್ಟಿದರೆ ಕಂಪ್ಯೂಟರಿನ ಪೆಟ್ಟಿಗೆ ಕೈ ಸುಟ್ಟಿತು. ಬಿಸಿಗೆ ತಾನಾಗಿ ಆರಿದರೆ ಹಾಡು ಹೋದಂತೆಯೇ.

“ಅಜ್ಜಾರ, ಇದು ಮಲಗೇ ಇಲ್ರಿ. ತಾನಾ ಎದ್ದೆದ್ದು ಬಟ್ಟಿ ಒಳಗ ಬೇಯಾಕತ್ತೈತಿ. ಇಂಥಾ ಬಿಸಲಾಗ ನೀವು ಕೌದಿ ಹೊತ್ಕಂಡು ಮಲಗ್ತೀರೇನು?” ಎಂದು ನಗುತ್ತಾ ಬಟ್ಟೆ ತೆಗೆದಳು.

ಪರದೆಯಲ್ಲಿ ಹಾಡು ಹಾಗೇ ಇತ್ತು.

“ಸೇವ್ ಮಾಡ್ಲೇನ್ರಿ?”

“ಬ್ಯಾಡವ್ವ, ನಾನೇ ಮಾಡ್ತೀನಿ.”

ಸೇವ್ ಮಾಡಿದೆ. ನನ್ನ ಹೆಂಡತಿ ತೆರೆದಿಟ್ಟಿದ್ದ ಪುಟ ಮುಚ್ಚಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಕಂಪ್ಯೂಟರ್ ಆರಿಸಿ, ಬಟ್ಟೆಯನ್ನು ಮಡಚಿ ಅವಳ ಸೀರೆಗಳ ಮೇಲಿಟ್ಟೆ.