ಪುಡಿ ಮೇಷ್ಟ್ರ ಸೀಸೆ

ಘನವಸ್ತುಗಳ ರಸಾಯನಶಾಸ್ತ್ರವನ್ನು ತಾವೇ ಹೆತ್ತು ಸಾಕಿದವರಂತೆ ಆಡುವ ಆ ಪ್ರೊಫೆಸರರಿಗೆ ಪ್ರಯೋಗಾಲಯದವರು ಇಟ್ಟ ಹೆಸರು ಪುಡಿ ಮೇಷ್ಟ್ರು. ಬಾಗಿಲ ಬಳಿ ಅವರ ಕೆಮ್ಮು ಕೇಳಿದರೆ ಸಾಕು, ಪುಡಿಯೊಳಗೆ ಏನಿದೆಯೆಂದು ತೋರಿಸುವ ಎಕ್ಸ್-ರೇ ಯಂತ್ರ ನೋಡಿಕೊಳ್ಳುವಾಕೆಗೆ ಮುಂದಿನ ಮಾತು ಬಾಯಿಪಾಠ: "ಭೌತಶಾಸ್ತ್ರದವರು ಬರೀ ಅಳೆಯೋ ಜನ ಕಣಮ್ಮ. ಅಳೆಯೋಕೆ ವಸ್ತು ಬೇಕಲ್ಲ, ಅದನ್ನ ಮಾಡಿಕೊಡೋರು ನಾವು!" ಹಾಗೆನ್ನುವವರು ಕೈಗೆ ಪುಡಿ ಸೋಕಿಸಿಕೊಂಡು ಇಪ್ಪತ್ತೆರಡು ವರ್ಷವಾಯಿತು. ಅರೆಯುವುದು, ಕುಲುಮೆಯಲ್ಲಿ ಸುಡುವುದು, ಮತ್ತೆ ಅರೆಯುವುದು ಎಲ್ಲ ವಿದ್ಯಾರ್ಥಿಗಳ ಪಾಲು. "ಇನ್ನೂ ನುಣ್ಣಗಾಗಿಲ್ಲ" ಎಂದು ಮೂಗು ಮುರಿಯುವುದಷ್ಟೇ ಇವರ ಪಾಲು. ಯಾರಾದರೂ ಹೊಸದೇನೋ ಸಿಕ್ಕಿತೆಂದು ಹಿಗ್ಗಿದರೆ, "ಮೊದಲು ಎಕ್ಸ್-ರೇಗೆ ಹಾಕ್ಸು. ಯಂತ್ರ ಸುಳ್ಳು ಹೇಳಲ್ಲ" ಎಂದು ಅಲ್ಲೇ ತಣ್ಣೀರೆರಚುತ್ತಾರೆ. ಅವರ ದೊಡ್ಡಸ್ತಿಕೆಯೆಲ್ಲ ನಿಂತಿರುವುದು ಜೇಬಿನ ಪುಟ್ಟ ಸೀಸೆಯ ಮೇಲೆ. ಅದರಲ್ಲಿರುವ ಚಿಟಿಕೆ ಕಪ್ಪು ಪುಡಿ ಹಿಂದೊಮ್ಮೆ, ಚೆನ್ನಾಗಿ ತಣಿಸಿದಾಗ, ವಿದ್ಯುತ್ತನ್ನು ಒಂದಿಷ್ಟೂ ತಡೆಯದೆ ಹರಿಯಬಿಟ್ಟಿತ್ತಂತೆ. ಫ್ಯಾನು ರಿಪೇರಿಗೆ ಬಂದವನಿಗೂ ಆ ಕಥೆ ತಪ್ಪಿಲ್ಲ. ಆಮೇಲೆ ಯಾರು ಎಷ್ಟು ಅರೆದರೂ ಅಂಥದ್ದು ಇನ್ನೊಂದು ಹುಟ್ಟಲಿಲ್ಲ, ಬೈಗುಳ ಮಾತ್ರ ವಿದ್ಯಾರ್ಥಿಗಳಿಗೆ. ಮೊನ್ನೆ ಯಂತ್ರದಾಕೆ ತಡೆಯಲಾರದೆ, "ಸರ್, ಅದನ್ನೂ ಒಂದ್ಸಲ ಎಕ್ಸ್-ರೇಗೆ ಕೊಡಿ. ಅರ್ಧ ಗಂಟೆ ಸಾಕು, ಪುಡಿ ಹಾಗೇ ವಾಪಸ್ ಕೊಡ್ತೀನಿ" ಎಂದಳು. ಮೇಷ್ಟ್ರು ಸೀಸೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡರು. "ಆ ಯಂತ್ರಕ್ಕೆ ಇದೆಲ್ಲ ತಿಳಿಯಲ್ಲಮ್ಮ" ಎಂದರು, ಎಂದೂ ಇಲ್ಲದ ಮೆಲ್ಲನೆಯ ದನಿಯಲ್ಲಿ. ಬೆರಳ ಸಂದಿಯಲ್ಲಿ ಕಂಡ, ಪುಡಿಯ ಹೆಸರು ಬರೆದು ಸೀಸೆಗೆ ಅಂಟಿಸಿದ್ದ ಚೀಟಿಯ ಮೇಲೆ ಒಂದಕ್ಷರವೂ ಉಳಿದಿರಲಿಲ್ಲ. ಇಷ್ಟು ವರ್ಷ ಸವರಿ ಸವರಿ ಅವರ ಹೆಬ್ಬೆರಳೇ ಅದನ್ನು ಅಳಿಸಿಹಾಕಿತ್ತು.