ಕುದುರೆ ಮಾರಿದವರ ಮಗಳು

ಧಡ್ ಎಂದು ಸದ್ದಾಯಿತು. ಮರದ ಹಲಗೆಗೆ ಒಳಗಿನಿಂದ ಗೊರಸು ಬಡಿದ ಸದ್ದು. ಬಂದದ್ದು ಲಾಯದ ಆ ತುದಿಯಿಂದ. ಆದರೂ ತಾಹೆರಾಳಿಗೆ ಅದು ತನ್ನ ಪಕ್ಕೆಲುಬಿನ ಮೇಲೇ ಬಿದ್ದಂತಾಯಿತು. ಬಸ್ಸಿನಿಂದ ಇಳಿದ ಮಕ್ಕಳು ಅತ್ತ ತಿರುಗಿ ನೋಡಿ ಮತ್ತೆ ಗಲಗಲ ಶುರುಮಾಡಿದರು. ಅವಳು ಮಾತ್ರ ಬಾಗಿಲ ಕಂಬಿ ಹಿಡಿದು ಕೊನೆಯ ಮೆಟ್ಟಿಲಲ್ಲೇ ನಿಂತಳು.

"ಟೀಚರೇ, ಇಳಿಯಿರಿ. ನೀವು ಇಳಿಯದಿದ್ರೆ ನಾನು ಬಾಗಿಲು ಹಾಕುವುದು ಹೇಗೆ?" ಎಂದ ಡ್ರೈವರ್ ಮೊಯ್ದಿನಬ್ಬ. ಉಳ್ಳಾಲದವನು, ಶಾಲೆಯ ಬಸ್ಸು ಓಡಿಸುತ್ತಲೇ ಗಡ್ಡ ನರೆತವನು.

"ನೀವೂ ಬನ್ನಿ ಮೊಯ್ದಿನಾಕ."

"ನಾನಾ? ನನಗೆ ಸ್ಟೇರಿಂಗ್ ಇರುವ ಕುದುರೆಯೇ ಸಾಕು."

ತಾಹೆರಾ ನಗಲು ನೋಡಿದಳು. ತುಟಿ ಒಣಗಿತ್ತು.

ಅದು ಎರಡು ಸಾವಿರದ ಹದಿನಾಲ್ಕರ ಫೆಬ್ರವರಿ. ಅಬುಧಾಬಿಯಲ್ಲಿ ಬಿಸಿಲಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ತಾಹೆರಾ ಭಟ್ಕಳದವಳು, ಉಬೈದನನ್ನು ಮದುವೆಯಾಗಿ ಬಂದು ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಒಂದು ವಿಲ್ಲಾದ ಮೇಲಂತಸ್ತಿನಲ್ಲಿ ಸಂಸಾರ ಹೂಡಿದವಳು. ಉಬೈದನಿಗೆ ಮುಸಫ್ಫಾದಲ್ಲಿ ವಾಹನಗಳ ಬಿಡಿಭಾಗಗಳ ಅಂಗಡಿ. ಅವಳು ಹತ್ತಿರದ ಇಂಡಿಯನ್ ಶಾಲೆಯೊಂದರಲ್ಲಿ ಆರನೇ ತರಗತಿಗೆ ಸಮಾಜ ಪಾಠ ಹೇಳುತ್ತಿದ್ದಳು. ಒಳ್ಳೆಯ ಟೀಚರ್ ಎಂಬ ಹೆಸರಿತ್ತು. ಮೆಟ್ಟಿಲ ಮೇಲೆ ಬೆಕ್ಕು ಮಲಗಿದ್ದರೆ ಅದು ಏಳುವವರೆಗೆ ಕೆಳಗೇ ಕಾಯುವವಳು ಅವಳೆಂಬುದು ಶಾಲೆಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ಆ ಭಯಕ್ಕೆ ಅವಳ ಬಳಿ ಕಥೆ ಇರಲಿಲ್ಲ. ನಾಯಿ ಕಚ್ಚಿರಲಿಲ್ಲ, ಹಸು ಹಾಯ್ದಿರಲಿಲ್ಲ. ಪ್ರಾಣಿಯೊಂದು ತಿರುಗಿ ನೋಡಿದರೆ ಸಾಕು, ಅವಳು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದಳು. ಮಾತು ಬಾರದ ಕಣ್ಣಿನ ಹಿಂದೆ ಏನಿದೆ ಎಂದು ಹೇಗೆ ತಿಳಿಯಬೇಕು? ಬಕ್ರೀದಿಗೆ ತಂದ ಆಡನ್ನು ತಮ್ಮಂದಿರು ಹಿತ್ತಲಲ್ಲಿ ಮೇಯಿಸುತ್ತಿದ್ದಾಗ ಅವಳು ಕಿಟಕಿಯಿಂದ ಎಲೆ ಎಸೆಯುತ್ತಿದ್ದಳು. ತಾಯಿ ಮೆಹರುನ್ನಿಸ ಗದರುತ್ತಿದ್ದರು, "ಆಡು ನಿನ್ನನ್ನು ತಿನ್ನುವುದಿಲ್ಲ, ನೀನು ಅದನ್ನು ತಿನ್ನುವವಳು."

ಆದರೆ ಪಾಠ ಹೇಳುವಾಗ ಅವಳೇ ಬೇರೆ. ಪ್ರಾಚೀನ ಮನುಷ್ಯ ಪ್ರಾಣಿಗಳನ್ನು ಪಳಗಿಸಿದ ಪಾಠ ಅವಳಿಗೆ ಎಲ್ಲಕ್ಕಿಂತ ಇಷ್ಟ. ನಾಯಿ ತಾನಾಗಿಯೇ ಬಂತು, ಬೆಂಕಿಯ ಬಳಿ ಬಿದ್ದ ಎಂಜಲಿಗೆ. ಆಡು ಕುರಿಗಳನ್ನು ಬೆಟ್ಟದಿಂದ ಇಳಿಸಿ ತಂದರು. ಆಮೇಲೆ ದನ. ಕುದುರೆ ಬಂದದ್ದು ತೀರಾ ತಡವಾಗಿ. ಹುಲ್ಲುಗಾವಲಿನ ಜನ ಮೊದಲು ಅದನ್ನು ಬೇಟೆಯಾಡಿ ತಿಂದರು, ಕಟ್ಟಿಹಾಕಿದರು, ಹಾಲು ಕರೆದರು, ಕೊನೆಗೊಂದು ದಿನ ಬೆನ್ನೇರಿದರು. ಒಂಟೆ ಇನ್ನೂ ಆಮೇಲೆ. "ಈ ಮರಳಿನ ಮೇಲೇ ಕಾಡು ಒಂಟೆಗಳನ್ನು ಅಟ್ಟಿಕೊಂಡು ಹೋಗಿ ಕೊಲ್ಲುತ್ತಿದ್ದರು," ಎಂದು ಅವಳು ಕಿಟಕಿಯಾಚೆ ಕೈ ತೋರಿಸಿದರೆ ಮಕ್ಕಳೆಲ್ಲ ಪಾರ್ಕಿಂಗ್ ಜಾಗದ ಕಡೆ ಕತ್ತು ತಿರುಗಿಸುತ್ತಿದ್ದರು.

ಆ ವರ್ಷ ಅಲೀನಾ ಎಂಬ ಹುಡುಗಿ ಕೈ ಎತ್ತಿದಳು. ಸಣ್ಣ ಜೀವ, ಸದಾ ಬಿಚ್ಚಿದ ಶೂ ಲೇಸು, ಯಾವ ಬಾಗಿಲು ತೆರೆದಿದ್ದರೂ ಒಳಗೆ ನುಗ್ಗುವ ಬುದ್ಧಿ.

"ಬಟ್ ಮ್ಯಾಮ್, ಕುದುರೇನ ಫಸ್ಟ್ ಟಚ್ ಮಾಡಿದ್ದು ಯಾರು? ಹಿ ವಾಸ್ ನಾಟ್ ಸ್ಕೇರ್ಡ್?"

ಪುಸ್ತಕದಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಗೊತ್ತಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಭಟ್ಕಳದ ವರ್ತಕ ಮುಸ್ಲಿಮರಾದ ನವಾಯತರ ಮನೆಯಲ್ಲಿ ಬೆಳೆದವರ ನಾಲಿಗೆಯ ತುದಿಯಲ್ಲೇ ಒಂದು ಕಥೆ ಕುಳಿತಿರುತ್ತದೆ. ಅರಬರ ದಡದಿಂದ ಹಾಯಿಹಡಗಿನಲ್ಲಿ ಕುದುರೆ ತುಂಬಿಕೊಂಡು ಬಂದು ಭಟ್ಕಳದಲ್ಲಿ ಇಳಿಸಿ, ಘಟ್ಟದ ಮೇಲಿನ ರಾಜರಿಗೆ ಮಾರಿದ ಹಿರಿಯರ ಕಥೆ. ತಾಹೆರಾ ಅದನ್ನು ಹೇಳಿದಳು. ಹೇಳುತ್ತಾ ಹೇಳುತ್ತಾ ಅಲೆ ಎದ್ದಿತು, ಕುದುರೆ ಕೆನೆಯಿತು, ಅವಳ ಅಜ್ಜನ ಅಜ್ಜ ಅದರ ಕುತ್ತಿಗೆ ತಬ್ಬಿ ಬಿರುಗಾಳಿ ದಾಟಿಸಿದ. "ನಮ್ಮ ರಕ್ತದಲ್ಲೇ ಕುದುರೆ ಇದೆ," ಎಂದುಬಿಟ್ಟಳು. ಮಕ್ಕಳು ಚಪ್ಪಾಳೆ ತಟ್ಟಿದರು.

ಶಾಲೆ ಬಿಡುವುದರೊಳಗೆ ಸುದ್ದಿ ಕೋ-ಆರ್ಡಿನೇಟರ್ ಸುಪ್ರೀತಾಳಿಗೆ ಮುಟ್ಟಿತು. ಉಡುಪಿಯವಳು, ಯಾವ ಕೆಲಸವನ್ನೂ ಅರ್ಧಕ್ಕೆ ಬಿಡುವವಳಲ್ಲ.

"ಎಂಥ ಮಾರಾಯ್ತಿ, ಇಷ್ಟು ವರ್ಷ ಬಾಯಿ ಬಿಡಲೇ ಇಲ್ಲ ನೀವು. ಒಬ್ಬರು ಪೇರೆಂಟಿಗೆ ಕುದುರೆ ಲಾಯದವರ ಪರಿಚಯ ಉಂಟು. ಮಕ್ಕಳನ್ನು ಕರ್ಕೊಂಡು ಹೋಗುವ. ನೀವೇ ಲೀಡ್ ಮಾಡ್ಬೇಕು."

ಹಿರಿಯರ ಹೆಸರು ಹತ್ತು ಜನರ ಮುಂದೆ ಎತ್ತಿದ ಮೇಲೆ ಹಿಂದೆಗೆಯುವುದು ಭಟ್ಕಳದವರಿಗೆ ತಿಳಿಯದು. ತಾಹೆರಾ ತಲೆಯಾಡಿಸಿದಳು. ಊಟದ ಹೊತ್ತಿಗೆ ವಿಷಯ ಹೇಳಿದಾಗ ಉಬೈದ್ ಅನ್ನದ ತಟ್ಟೆ ಸರಿಸಿ ನಕ್ಕ.

"ನಿನ್ನ ಹಿರಿಯರು ಕುದುರೆ ಯಾಕೆ ಮಾರಿದ್ದು ಗೊತ್ತುಂಟಾ? ಮನೆಯಲ್ಲಿ ಇಟ್ಟುಕೊಳ್ಳಲಿಕ್ಕೆ ಹೆದರಿಕೆ. ಅದಕ್ಕೇ ಮಾರಿದ್ದು. ನೀನು ಸರಿಯಾದ ವಂಶದವಳೇ."

"ನಗಬೇಡಿ."

"ಹುಷಾರಿಲ್ಲ ಅಂತ ಫೋನ್ ಮಾಡು. ಮಾಫಿ ಪ್ರಾಬ್ಲಂ, ಏನೂ ತೊಂದರೆ ಇಲ್ಲ."

"ಮತ್ತೆ ಮಕ್ಕಳ ಜೊತೆ ಯಾರು? ಆ ಅಲೀನಾ ಒಂದು ನಿಮಿಷ ನಿಂತಲ್ಲಿ ನಿಲ್ಲುವುದಿಲ್ಲ. ಏನಾದರೂ ಆದರೆ ನನ್ನ ಬಾಯಿಯಿಂದಲೇ ಆದದ್ದು."

ಅವನು ನಗು ನಿಲ್ಲಿಸಿದ. ಅಂದಿನಿಂದ ದೇವರಲ್ಲಿ ಅವಳ ದುವಾ ಒಂದೇ ಆಗಿತ್ತು. ಮಕ್ಕಳೆಲ್ಲ ಹೇಗೆ ಬಸ್ಸು ಹತ್ತುತ್ತಾರೋ ಹಾಗೆಯೇ ಇಳಿದು ಮನೆ ಸೇರಲಿ.

ಈಗ ಲಾಯದ ಎದುರು ನಿಂತಾಗಲೂ ಅದನ್ನೇ ಮನಸ್ಸಿನಲ್ಲಿ ಹೇಳಿಕೊಂಡಳು. ಸುಪ್ರೀತಾ ಅರ್ಧ ಮಕ್ಕಳನ್ನು ಕರೆದುಕೊಂಡು ಲಾಯದ ಆಳಿನೊಡನೆ ಹೊರಗಿನ ಅಂಗಳಕ್ಕೆ ಹೋದಳು, ಅಲ್ಲಿ ಸವಾರಿ ತೋರಿಸುವವರಿದ್ದರು. ಉಳಿದ ಮಕ್ಕಳು ತಾಹೆರಾಳ ಹಿಂದೆ ಲಾಯದೊಳಗೆ ನಡೆದರು. ಎರಡೂ ಬದಿ ಕೋಣೆಗಳು, ನಡುವೆ ಸಿಮೆಂಟಿನ ದಾರಿ. ಅವಳು ದಾರಿಯ ನಟ್ಟನಡುವೆ, ಯಾವ ಮೂತಿಗೂ ಸಮೀಪವಾಗದ ಹಾಗೆ ಕಾಲಿಟ್ಟಳು. ಹುಲ್ಲು, ಬೆವರು, ತೊಗಲಿನ ವಾಸನೆ. ಕತ್ತಲೊಳಗಿನಿಂದ ದೊಡ್ಡ ದೊಡ್ಡ ಉಸಿರು. "ಯಾರೂ ಕೈ ಚಾಚಬೇಡಿ," ಎನ್ನುತ್ತಿದ್ದ ಅವಳ ದನಿ ಅವಳಿಗೇ ಅಪರಿಚಿತವಾಗಿತ್ತು.

ದಾರಿಯ ಮಧ್ಯೆ ತಿರುಗಿ ತಲೆ ಎಣಿಸಿದಳು. ಒಂದು ಕಡಿಮೆ. ಕೋಣೆ ಕೋಣೆ ಇಣುಕುತ್ತಾ ತುದಿಯವರೆಗೆ ಹೋದಳು, ಮಕ್ಕಳು ಹಿಂದೆಯೇ.

ಕೊನೆಯ ಕೋಣೆಯ ಬಾಗಿಲು ಗಾಳಿಗೆಂದು ತೆರೆದಿತ್ತು. ಅಡ್ಡಕ್ಕೆ ಒಂದು ದಪ್ಪ ಹಗ್ಗ ಬಿಟ್ಟರೆ ಬೇರೇನೂ ಇರಲಿಲ್ಲ. ಅದರಾಚೆ ಕಂದು ಬಣ್ಣದ ಹೆಣ್ಣುಕುದುರೆಯ ಹಿಂಭಾಗ ಬಾಗಿಲನ್ನೇ ತುಂಬಿಕೊಂಡಿತ್ತು. ಅದರ ಹೊಟ್ಟೆಯ ಕೆಳಗಿನಿಂದ ತಾಹೆರಾಳಿಗೆ ಕಂಡದ್ದು, ಹುಲ್ಲಿನ ಮೇಲೆ ಮರಿಯ ಬಡಕಲು ಕಾಲುಗಳು. ಅದಕ್ಕೂ ಆಚೆ, ಮೂಲೆಗೆ ಒತ್ತಿಕೊಂಡ ಬಿಳಿ ಶೂ, ಬಿಚ್ಚಿದ ಲೇಸು.

ಎಲ್ಲರಿಗಿಂತ ಮುಂದೆ ಓಡಿಬಂದು, ಮರಿಯನ್ನು ಮುಟ್ಟಲು ಹಗ್ಗದಡಿ ನುಸುಳಿದ್ದಳು ಹುಡುಗಿ. ಈಗ ಅವಳಿಗೂ ಬಾಗಿಲಿಗೂ ನಡುವೆ ತಾಯಿ ಇತ್ತು. ಕುದುರೆಯ ಕಿವಿಗಳು ಹಿಂದಕ್ಕೆ ಅಂಟಿಕೊಂಡಿದ್ದವು. ಅದು ಕಾಲೆತ್ತಿ ಹಲಗೆಗೆ ಬಡಿಯಿತು. ಧಡ್. ಮೇಲಿನಿಂದ ಧೂಳು ಉದುರಿತು. ಅಲೀನಾಳ ಶೂ ಮೂಲೆಗೆ ಇನ್ನಷ್ಟು ಸರಿಯಿತು.

ಆಳನ್ನು ಕರೆಯಬೇಕು. ಕೂಗಿದರೆ ಕುದುರೆ ಇನ್ನಷ್ಟು ಬೆದರೀತು. ಬೆನ್ನ ಹಿಂದೆ ಕೈ ಬೀಸಿ ಉಳಿದ ಮಕ್ಕಳನ್ನು ಹಿಂದೆ ಸರಿಸಿದಳು. ಯಾರೋ ಒಬ್ಬಳು ಅಂಗಳದ ಕಡೆ ಓಡಿದ ಸದ್ದು ಕೇಳಿತು. ಅಷ್ಟರಲ್ಲಿ ಕುದುರೆ ಮೂಲೆಯ ಕಡೆ ಒಂದು ಹೆಜ್ಜೆ ಒತ್ತಿತು. ತಾಹೆರಾ ಹಗ್ಗ ಎತ್ತಿದಳು, ಬಗ್ಗಿದಳು, ಒಳಗೆ ಕಾಲಿಟ್ಟಳು. ಮುಂದೆ ಏನು ಮಾಡಬೇಕೆಂದು ಯೋಚಿಸಿರಲಿಲ್ಲ. ಯೋಚಿಸಲು ಮಂಡಿಗಳು ಬಿಡಲೂ ಇಲ್ಲ. ಒಮ್ಮೆಲೇ ಮಡಚಿಕೊಂಡವು. ಬಾಗಿಲ ಪಕ್ಕದ ಹುಲ್ಲಿನ ಮೇಲೆ ಧೊಪ್ಪನೆ ಕುಳಿತುಬಿಟ್ಟಳು, ಕುದುರೆಯ ಹಿಂಗಾಲುಗಳಿಂದ ಒಂದು ಮಾರು ದೂರದಲ್ಲಿ, ತಲೆ ತಗ್ಗಿಸಿ, ಕಣ್ಣು ಮುಚ್ಚಿ.

ಸಾವಿರಾರು ವರ್ಷಗಳ ಹಿಂದೆ ಹುಲ್ಲುಗಾವಲಿನಲ್ಲಿ ಮೊದಲ ಸಲ ಕುದುರೆಯ ಹತ್ತಿರ ಹೋದವನೂ ಧೀರನೇ ಆಗಿರಬೇಕೆಂದಿಲ್ಲ. ಓಡಲು ಕಾಲು ಬಾರದೆ ಕುಸಿದವನೂ ಆಗಿರಬಹುದು. ಎದುರಿಗಿದ್ದ ಪ್ರಾಣಿಗೂ ಅಷ್ಟೇ ಭಯವಿದ್ದಿರಬೇಕು. ಈಟಿ ಹಿಡಿದು ನಿಂತವನನ್ನು ಅದು ಬಲ್ಲದು, ಹೀಗೆ ಕುಸಿದು ಕುಳಿತವನನ್ನು ಬಲ್ಲದು ಎನ್ನಲಾಗದು. ಏನಿದು ಎಂದು ಅದೇ ತಿರುಗಿ ನೋಡಿರಬೇಕು.

ಈ ಕುದುರೆಯೂ ತಿರುಗಿತು. ಗೊರಸುಗಳು ಹುಲ್ಲಿನಲ್ಲಿ ಸರಿದಾಡಿದ್ದನ್ನು ತಾಹೆರಾ ಕಿವಿಯಿಂದಲೇ ತಿಳಿದಳು. ಬಿಸಿಯುಸಿರು ಮೊದಲು ಹೆಗಲ ಮೇಲೆ, ಆಮೇಲೆ ನೆತ್ತಿಯ ಮೇಲೆ. ಒದ್ದೆ ಮೂತಿ ಅವಳ ಸ್ಕಾರ್ಫನ್ನು ಎಳೆದು ನೋಡಿತು. ಬಾಯಲ್ಲಿ ದುವಾ ಬರಲಿಲ್ಲ, ಅದರ ಮೊದಲ ಪದವೇ ಮರೆತಿತ್ತು. ಕಣ್ಣನ್ನು ಗೆರೆಯಷ್ಟು ತೆರೆದಳು. ಕುದುರೆ ಇತ್ತ ತಿರುಗಿದ್ದರಿಂದ ಗೋಡೆಯ ಬದಿಗೆ ಒಂದಿಷ್ಟು ಜಾಗ ಬಿಟ್ಟುಕೊಂಡಿತ್ತು. ನೆಲದ ಮೇಲಿದ್ದ ಕೈಯ ಬೆರಳನ್ನು ಮಾತ್ರ ಅಲ್ಲಾಡಿಸಿದಳು. ಬಾ. ಗೋಡೆ ಹಿಡಿದು ಬಾ.

ಅಲೀನಾ ಗೋಡೆಗೆ ಬೆನ್ನು ಸವರಿಕೊಂಡು ಬಂದಳು. ಒಂದು ಹೆಜ್ಜೆ. ನಿಂತಳು. ಮತ್ತೊಂದು. ಟೀಚರ ಹೆಗಲು ದಾಟಿ, ಹಗ್ಗದಡಿ ತೂರಿ ಹೊರಬಿದ್ದಳು. ಆಗ ಆಳು ಓಡಿ ಬಂದ. ನಾಲಿಗೆಯಿಂದ ಏನೋ ಸದ್ದು ಮಾಡಿ ಕುದುರೆಯ ಕುತ್ತಿಗೆಗೆ ಕೈಹಾಕಿದ, ಇನ್ನೊಂದು ಕೈಯಿಂದ ತಾಹೆರಾಳನ್ನು ರಟ್ಟೆ ಹಿಡಿದು ಎಳೆದ.

"ಪೀಛೇ ಸೇ ಕೋಯಿ ಜಾತಾ ಹೈ ಕ್ಯಾ, ಮೇಡಂ?" ಕುದುರೆಯ ಹಿಂದಿನಿಂದ ಯಾರಾದರೂ ಹೋಗುತ್ತಾರೆಯೇ ಎಂದು ಗದರಿದ. ಬಾಗಿಲು ಹಾಕದೆ ಬರೀ ಹಗ್ಗ ಕಟ್ಟಿ ಹೋದವನು ಅವನೇ.

ಲಾಯದ ನೆರಳಿನಾಚೆ ಸುಪ್ರೀತಾ ಅವಳಿಗೆ ನೀರಿನ ಬಾಟಲಿ ಕೊಟ್ಟಳು. ತಾಹೆರಾಳ ಹಲ್ಲು ಬಾಟಲಿಯ ಅಂಚಿಗೆ ಕಟಕಟ ಬಡಿಯಿತು.

"ಕೂತ್ಕೊಳ್ಳಿ ಮಾರಾಯ್ತಿ. ನನ್ನ ಜೀವ ಹೋದದ್ದು ಬಂತು. ನೋಡಿ, ಗಾಯ ಇಲ್ಲ, ಒಂದು ಗೀರೂ ಇಲ್ಲ. ಖಲಾಸ್. ಏನೂ ಆಗ್ಲೇ ಇಲ್ಲ ಅಂದ್ಕೊಳ್ಳಿ."

"ಅಲೀನಾ ಒಂದು ಮಾತೂ ಆಡಿಲ್ಲ, ಸುಪ್ರೀತಾ."

"ಆಡ್ತಾಳೆ. ಮಕ್ಕಳಿಗೆ ಅದೆಲ್ಲ ಐಸ್‌ಕ್ರೀಮ್ ಸಿಕ್ಕುವ ತನಕ. ಬಸ್ಸಲ್ಲಿ ಕೊಡಿಸುವ."

"ತಾಯಿಗೆ ಹೇಳ್ಬೇಕು."

"ಎಂಥ ಹೇಳುವುದು? ಹೇಳಿದ್ರೆ ಪ್ರಿನ್ಸಿಪಾಲರ ತನಕ ಹೋಗ್ತದೆ, ಮತ್ತೆ ಇನ್ನು ಮೇಲೆ ಟ್ರಿಪ್ಪೇ ಇಲ್ಲ. ನೀವು ಸ್ವಲ್ಪ ನನ್ನ ಮಾತು ಕೇಳಿ."

ತಾಹೆರಾ ಕೇಳುತ್ತಿರಲಿಲ್ಲ. ಬಸ್ಸಿನ ಹಿಂಬದಿಯಲ್ಲಿ, ಬೇರೆ ಮಕ್ಕಳಿಂದ ದೂರ, ಅಲೀನಾ ತಗಡಿಗೆ ಬೆನ್ನು ಕೊಟ್ಟು ನಿಂತಿದ್ದಳು. ಸ್ಕೂಲ್ ಬ್ಯಾಗನ್ನು ಎರಡೂ ಕೈಯಿಂದ ತೊಡೆಯ ಮುಂದೆ ಹಿಡಿದಿದ್ದಳು. ಗೆಳತಿಯೊಬ್ಬಳು ಹತ್ತಿರ ಹೋದರೆ ತಲೆಯಾಡಿಸಿ ಕಳಿಸಿದಳು. ಬ್ಯಾಗಿನ ಕೆಳಗೆ ಕಂಡ ಅಲೀನಾಳ ಬೂದು ಪ್ಯಾಂಟು ತೊಡೆಯಿಂದ ಕೆಳಗೆ ಒದ್ದೆಯಾಗಿ ಕಡುಬಣ್ಣಕ್ಕೆ ತಿರುಗಿತ್ತು. ಬಿಳಿ ಶೂವಿನ ಸುತ್ತ ಮರಳು ಒದ್ದೆಯಾಗಿತ್ತು.

"ಇಬ್ಬರದ್ದೂ ಒಂದೇ ಮಾತು ಆಗ್ಬೇಕು," ಸುಪ್ರೀತಾ ಹೇಳುತ್ತಿದ್ದಳು. "ಯಾರಾದ್ರೂ ಕೇಳಿದ್ರೆ ನೀವು ಏನು ಹೇಳ್ತೀರಿ, ಅದನ್ನು ಮೊದಲು ನನಗೆ..."

ತಾಹೆರಾ ಬಾಟಲಿಯನ್ನು ಅವಳ ಕೈಗಿತ್ತು, ಬಸ್ಸಿನ ಎಸಿಗೆಂದು ಹೊದ್ದು ತಂದಿದ್ದ ಶಾಲನ್ನು ಹೆಗಲಿನಿಂದ ಎಳೆದುಕೊಳ್ಳುತ್ತಾ ಹುಡುಗಿಯ ಕಡೆ ನಡೆದಳು.